ಸೂಜಿಯ ಎರಡು ತುದಿ

ನನ್ನ ಜತೆಗೇ ಇರುವ ಚಿಕ್ಕಮ್ಮನಿಗೆ ಮಾತಾಡಲು ವಿಷಯವೇ ಬೇಡ. ಸೋರುವ ನಲ್ಲಿ, ಪಕ್ಕದ ಮನೆಯವರ ಹೊಸ ಪರದೆ, ನನ್ನ ಚಪ್ಪಲಿಯ ಸದ್ದು, ಎಲ್ಲಕ್ಕೂ ಅರ್ಧರ್ಧ ಗಂಟೆ. ಹೇಳಲೇಬೇಕಾಗಿದ್ದ ಒಂದು ಮಾತನ್ನು ಮಾತ್ರ ಎರಡು ವರ್ಷ ಬಾಯಲ್ಲೇ ಇಟ್ಟುಕೊಂಡು ಕೂತಿದ್ದರು.

ಅವರು ಇಪ್ಪತ್ತೆಂಟು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವರು. ಧ್ರುವದ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಎತ್ತಿದ ಕೆಸರಿನಲ್ಲಿ, ಸಾವಿರಾರು ವರ್ಷದ ಹಿಂದೆ ಸತ್ತ ಪಾಚಿಗಳ ಗಾಜಿನಂಥ ಚಿಪ್ಪುಗಳಿರುತ್ತವೆ. ಪದರ ಪದರವಾಗಿ ಯಾವ ಜಾತಿ ಎಷ್ಟಿದೆ ಎಂದು ಎಣಿಸಿದರೆ, ಆಗ ಅಲ್ಲಿ ಹಿಮ ಮುಚ್ಚಿತ್ತೋ ತೆರೆದ ನೀರಿತ್ತೋ ತಿಳಿಯುತ್ತದೆ. ಕೊಳವೆಯ ಮೇಲಿನ ನಾಲ್ಕು ಮೀಟರ್ ಎಣಿಸಿ ಚಿಕ್ಕಮ್ಮ ನಿವೃತ್ತರಾದರು. ಕೆಳಗಿನದು, ತಾತ್ಕಾಲಿಕ ಕೆಲಸದ ಹೆಸರಲ್ಲಿ, ನನ್ನ ತಲೆಗೆ ಬಂತು.

ನಾಲ್ಕನೇ ಮೀಟರಿನಿಂದ ಕೆಳಗೆ, ತೆರೆದ ನೀರಲ್ಲಿ ಬೆಳೆಯುವ ಸೂಜಿಯಂಥ ಚಿಪ್ಪು ದಿಢೀರನೆ ಇಮ್ಮಡಿ. ನಮ್ಮ ಸಂಸ್ಥೆಯ ನಿರ್ದೇಶಕರು ಕುಣಿಯುವುದೊಂದು ಬಾಕಿ. "ದೊಡ್ಡ ಸುದ್ದಿ ಕಣಮ್ಮಾ. ಸೋಮವಾರ ಲೇಖನ ಕಳಿಸ್ತೀವಿ, ಅದರ ಹಿಂದೇನೇ ನಿನ್ನ ಕೆಲಸ ಕಾಯಂ," ಅಂದರು. ಎರಡು ವರ್ಷದಿಂದ ನಾನು ಕಾಯುತ್ತಿದ್ದದ್ದು ಆ ಒಂದು ಮಾತಿಗೆ.

ಭಾನುವಾರ ತರಕಾರಿ ಹೆಚ್ಚುತ್ತಾ ಚಿಕ್ಕಮ್ಮನ ಹತ್ತಿರ ಗೋಳು ತೋಡಿಕೊಂಡೆ. ಸೂಜಿ ಒಂದೂ ಇಡಿಯಾಗಿ ಸಿಗಲ್ಲ, ಬರೀ ತುದಿ ಎಣಿಸಿ ಎಣಿಸಿ ಕಣ್ಣು ಹೋಯ್ತು ಅಂದೆ.

"ಕೊನೆಗೆ ಎರಡರಿಂದ ಭಾಗಿಸಿದೆ ತಾನೆ?" ಅಂದರು ಅವರು, ಹುರುಳಿಕಾಯಿಯ ನಾರು ತೆಗೆಯುತ್ತಾ.

"ಯಾಕೆ?"

"ಒಂದು ಸೂಜಿಗೆ ಎರಡು ತುದಿ ಇರಲ್ವೇನೇ?"

ಚಾಕು ಕೈಯಲ್ಲೇ ನಿಂತಿತು. "ಇದನ್ನ ಎಲ್ಲಾದ್ರೂ ಬರೆದಿಟ್ಟಿದ್ರಾ?"

"ಇದನ್ನೂ ಬರೀಬೇಕಾ? ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಮೈಯೆಲ್ಲ ಉರಿದುಹೋಯಿತು. ಚಪ್ಪಲಿಗೆ ಅರ್ಧ ಗಂಟೆ, ಇದಕ್ಕೆ ಒಂದು ಸಾಲಿಲ್ಲ. ಆದರೆ ನನ್ನ ಮೇಲಿನ ಸಿಟ್ಟೇ ಹೆಚ್ಚಿತ್ತು; ನಾನೇನು ಸೂಜಿಯನ್ನೇ ಕಾಣದವಳೇ?

ಹಳೇ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಅರ್ಧ ಮಾಡಿದ್ದೇ ತಡ, ಚಿಕ್ಕಮ್ಮನ ಅಂಕಿಗೆ ನನ್ನದು ಸರಿಯಾಗಿ ಕೂತಿತು. ಇಮ್ಮಡಿಯೂ ಇಲ್ಲ, ಸುದ್ದಿಯೂ ಇಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೆಲಸ ನನ್ನದಾಗುತ್ತಿತ್ತು. ಚಿಕ್ಕಮ್ಮ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು.

ಫೋನ್ ಎತ್ತಿಕೊಂಡೆ. "ಸರ್, ಲೇಖನ ಕಳಿಸ್ಬೇಡಿ. ನಾಲ್ಕನೇ ಮೀಟರಲ್ಲಿ ಸಮುದ್ರಕ್ಕೆ ಏನೂ ಆಗಿಲ್ಲ."

"ಮತ್ತೆ ಆಗಿದ್ದೇನು ಅಲ್ಲಿ?"

"ನಮ್ಮ ಚಿಕ್ಕಮ್ಮ ರಿಟೈರ್ ಆದ್ರು, ಸರ್."