ಎಡೆಗೆ ಇಡದ ಗೆಣಸು

ಗರುಗದ ಸೊಪ್ಪಿನ ವಾಸನೆ, ಇದ್ದಿಲ ಜೊತೆ ಅರೆದ ಹಸಿ ಗರುಗದ ವಾಸನೆ, ಈಗೆಲ್ಲಿಂದ ಬಂತು, ಈ ಊದುಬತ್ತಿ, ಕೋಳಿಸಾರು, ಶಾಮಿಯಾನದ ಕಾವಿನ ನಡುವೆ — ಯಾರೋ ಹಿತ್ತಿಲಲ್ಲಿ ಸೊಪ್ಪು ತುಳಿದಿರಬೇಕು ಅಷ್ಟೇ, ಆದರೆ ಅರವತ್ತು ದಾಟಿದ ಪ್ರಮೀಳಾಗೆ ಆಗಲೇ ಆರು ವರ್ಷ, ನಾಳೆ ಶಾಲೆ ತೆರೆಯಬೇಕು, ಅವ್ವ ಕರೀಹಲಗೆಯನ್ನು ನೆಲಕ್ಕೆ ಮಲಗಿಸಿ ಇದ್ದಿಲು ಗರುಗ ಅರೆದು ಬಳಿಯುತ್ತಿದ್ದಾಳೆ, ಅಂಗೈ ಪೂರ್ತಿ ಕಪ್ಪು, ಬಳೀಲಾ ನಿನ್ನ ಮೂತಿಗೂ ಅಂತ ಕೈಯೆತ್ತಿ ಹೆದರಿಸಿ ನಗುತ್ತಿದ್ದಾಳೆ, ತಿಕ್ಕಿ ತೊಳೆದರೂ ಮೂರು ದಿನ ಹೋಗದ ಆ ಕಪ್ಪು ಅಂಗೈಯಲ್ಲೇ ಮುದ್ದೆ ಮುರಿದು ಬಾಯಿಗಿಡುತ್ತಿದ್ದಾಳೆ. ಈಗ ಆ ಅವ್ವ ಫೋಟೋದಲ್ಲಿ, ಹನ್ನೊಂದನೇ ದಿನದ ಹಾರ ಹಾಕಿಕೊಂಡು, ಎದೆಯವರೆಗೆ ಮಾತ್ರ, ಕೈಯೇ ಇಲ್ಲ. ಹೊರಗೆ ಫ್ಲೆಕ್ಸಿನಲ್ಲೂ ಅದೇ ಫೋಟೋ, ಆದರ್ಶ ಶಿಕ್ಷಕಿ, ಮಮತಾಮಯಿ ಅಜ್ಜಿ ಜಯಲಕ್ಷ್ಮಮ್ಮನವರು, ಕೆಳಗೆ ಕೈಮುಗಿದ ತಮ್ಮ ಸೋಮಶೇಖರ, ಅವ್ವನಿಗಿಂತ ದೊಡ್ಡದಾಗಿ, ಸತ್ತವರು ಯಾರೆಂದು ತಿಳಿಯದ ಹಾಗೆ. ಅಂಥಾ ಟೀಚ್ರು ಇನ್ ಉಟ್ಟಾಕಿಲ್ಲ ಬುಡಿ, ಪಕ್ಕದ ಎಲೆಯವರು ಅನ್ನುತ್ತಿದ್ದಾರೆ, ಪ್ರಮೀಳಾ ತಲೆಯಾಡಿಸುತ್ತಾಳೆ, ಅರವತ್ತು ವರ್ಷದಿಂದ ಆಡಿಸಿಕೊಂಡೇ ಬಂದಿದ್ದಾಳೆ, ಒಳ್ಳೆಯವಳು ಪ್ರಮೀಳಾ, ಬಾಯಿಲ್ಲದವಳು ಪ್ರಮೀಳಾ, ಥೂ. ಬೆಳಿಗ್ಗೆಯೂ ಹಾಗೇ ನಿಂತಿದ್ದಳಲ್ಲ — ಕೋಟೆ ತಾಲ್ಲೂಕಿನ ಕಾಡಂಚಿನ ಗಿರಿಜನರ ಹಾಡಿಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಮುತ್ತಿ, ಅಲ್ಲಿನ ಶಾಲೆಯಲ್ಲಿ ಅವ್ವನ ಹಳೇ ಶಿಷ್ಯೆ, ಇನ್ನಿಬ್ಬರು ಹೆಂಗಸರ ಜೊತೆ ಅಂಗಳದಲ್ಲಿ ನಿಂತು, ಮೊದಲು ಮಾಡಿದ ಕೆಲಸ ಬಿಸಿಲಲ್ಲಿ ಸುಡುತ್ತಿದ್ದ ಪ್ರಮೀಳಾಳ ಚಪ್ಪಲಿಯನ್ನು ನೆರಳಿಗೆ ಸರಿಸಿದ್ದು, ಆಮೇಲೆ ಸೆರಗಿನ ಗಂಟು ಬಿಚ್ಚಿ, ಟೀಚ್ರವ್ವಂಗೆ ಕಾಡ್ಗೆಣಸು ಅಂದ್ರೆ ಪಿರಾಣ ಅಲ್ವಾ, ಕೆಂಡದಲ್ಲಿ ಸುಟ್ಕಂಡು ತಂದಿವ್ನಿ, ಎಡೆಗಿಡಿ ಅಂದದ್ದು. ನಿಜ ತಾನೆ, ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿಟ್ಟು, ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ಮತ್ತೆ ಯಾತಕ್ಕೆ? ಅವ್ವನಿಗೆ ಇಷ್ಟ ಅಂತ ಒಬ್ಬಟ್ಟು ಇಟ್ಟರು, ಸಿಹಿ ಕಂಡರೆ ಮೂಗು ಮುರಿಯುತ್ತಿದ್ದಳು ಅವ್ವ. ಗೆಣಸನ್ನು ನೋಡಿ ಸೋಮಶೇಖರ, ಅಯ್ಯೋ ಇದ್ನೆಲ್ಲಾ ಎಡೆಗೆ ಇಟ್ಟಾರಾ, ನೆಂಟ್ರು ಏನಂದ್ಕಂಡಾರು, ಅತ್ಲಾಗೆ ಹೊಗೆಸೊಪ್ಪಿನ ಬ್ಯಾರನ್ ಹಿಂದಕ್ಕೋಗಿ ಕೂತ್ಕಳಿ, ನಮ್ಮೋರ ಪಂಕ್ತಿ ಮುಗೀಲಿ, ನಿಮ್ಗೂ ಬಡಿಸ್ತರೆ. ಆಯ್ತು ಬುದ್ಧಿ, ಅಂದಳು ಮುತ್ತಿ. ಗೆಣಸನ್ನು ಮತ್ತೆ ಗಂಟು ಕಟ್ಟಿಕೊಂಡಳು. ಪ್ರಮೀಳಾ ನೋಡುತ್ತ ನಿಂತಿದ್ದಳು.

ಬ್ಯಾರನ್ ಹಿಂದೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಎಲ್ಲಿ ಕೂರಿಸಿದ್ದೆಯೋ ಅವಳನ್ನು ಸೋಮ, ನಿನ್ನ ಮಗಳು ಅನುಶ್ರೀ ಹುಟ್ಟಿ ಹನ್ನೆರಡು ದಿನ, ನಿನ್ನ ಹೆಂಡತಿ ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಗ, ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಕೋಟೆ ಬಸ್ಸು ಹತ್ತಿ ಅವ್ವನ ಮಡಿಲಿಗೆ ಹಾಕಿ ಗೊಳೋ ಅಂದವನು ನೀನೇ ತಾನೆ — ಡಬ್ಬಿ ಹಾಲು ಕುಡಿಸಿದರೆ ಕಾರುತ್ತಿತ್ತು, ಅತ್ತು ಅತ್ತು ನೀಲಿಯಾಗುತ್ತಿತ್ತು, ಆಗ ಬಂದವಳು ಇದೇ ಮುತ್ತಿ, ಕಂಕುಳಲ್ಲಿ ಎರಡು ತಿಂಗಳ ತನ್ನ ಮಗು, ಕೊಡಿ ಟೀಚ್ರವ್ವ ಇಲ್ಲಿ, ನಂದೂ ಅಳ್ತದೆ ಇದೂ ಅಳ್ತದೆ, ಎಲ್ಡಕ್ಕೂ ಆಯ್ತದೆ. ಮೂರು ತಿಂಗಳು. ಶಾಲೆಯ ಜಗಲಿಯಲ್ಲೇ ಕೂತು, ಒಂದು ಕಡೆ ಅವಳ ಮಗ, ಇನ್ನೊಂದು ಕಡೆ ನಿನ್ನ ಮಗಳು, ಒಳಗೆ ಅವ್ವ ಮಗ್ಗಿ ಹೇಳಿಸುತ್ತ ನಡುನಡುವೆ ಬಾಗಿಲಿಗೆ ಬಂದು ಮೊಮ್ಮಗಳ ಅಂಗಾಲು ಮುಟ್ಟಿ ಹೋಗುತ್ತ, ನಿವೃತ್ತಿಗೆ ಎರಡು ವರ್ಷ ಇದ್ದ ಅವ್ವ, ಅನುಗೆ ಐದಾಗುವವರೆಗೂ ಕೋಟೆ ಬಿಟ್ಟು ಬರಲಿಲ್ಲ. ನೀನೇ ಇದರ ತಾಯಿ ಕಣವ್ವ ಅಂತ ಮುತ್ತಿಯ ಕಾಲಿಗೆ ಬೀಳಹೋದೆಯಲ್ಲ, ಮತ್ತೆ ಅನು ದೊಡ್ಡವಳಾದ ಮೇಲೆ, ಅಕ್ಕ, ಅವ್ಳಿಗೆ ಇದೆಲ್ಲ ಏಳ್ಬ್ಯಾಡ ಕಣಕ್ಕ, ನಾಳೆ ಸಂಬಂಧ ನೋಡೋರ್ಗೆ ಗೊತ್ತಾದ್ರೆ — ಅಂದವನೂ ನೀನೇ, ಅವ್ವ ಬಾಯಿ ತೆರೆದಾಗಲೆಲ್ಲ ತಡೆದೆ, ಕೊನೆಕೊನೆಗೆ ಮಂಚದ ಮೇಲಿಂದ ಅವ್ವ, ನಾನು ಹೋದ ಮೇಲಾದ್ರೂ ನೀನು ಹೇಳೇ ಪ್ರಮೀಳಾ, ಅಂದಾಗಲೂ ಪ್ರಮೀಳಾ ತಲೆಯಾಡಿಸಿದ್ದಳು, ಸುಮ್ಮನೆ, ಎಲ್ಲದಕ್ಕೂ ಆಡಿಸುವ ಹಾಗೆ. ಎಲೆಗೆ ಅನ್ನ ಬಿತ್ತು. ಹಬೆ. ಬಿಸಿ ಅನ್ನವನ್ನು ಬಾಯಿಗಿಡುವ ಆ ಕಪ್ಪು ಅಂಗೈ. ಪ್ರಮೀಳಾ ಎದ್ದಳು, ಮಂಡಿ ಲಟಕ್ಕೆಂದಿತು, ಎಲ್ಗೋಯ್ತಿದ್ದೀಯಕ್ಕಾ, ಪಂಕ್ತಿ ಮಧ್ಯ ಎದ್ದೇಳ್ಬಾರ್ದು ಕಣಕ್ಕ, ಸೋಮನ ದನಿ, ತಿರುಗಿ ನೋಡಲಿಲ್ಲ, ನೋಡಿದರೆ ತಲೆಯಾಡಿಸಿಬಿಟ್ಟಾಳು, ನೆರಳಲ್ಲಿದ್ದ ಚಪ್ಪಲಿ ತಣ್ಣಗಿತ್ತು, ಅದಕ್ಕೇ ಮತ್ತಷ್ಟು ಸಿಟ್ಟು ಬಂತು.

ಬ್ಯಾರನ್ ಹಿಂದೆ ಹೊಗೆಸೊಪ್ಪು ಕಟ್ಟುವ ಕಡ್ಡಿಗಳ ರಾಶಿ, ಅದರ ಪಕ್ಕ ಆ ಇಬ್ಬರು ಹೆಂಗಸರ ಜೊತೆ ಮುತ್ತಿ, ಎಲೆಯಿಲ್ಲ, ನೀರಿಲ್ಲ, ಯಾಕಕ್ಕ ಬಿಸ್ಲಲ್ಲಿ ಬಂದ್ರಿ, ಇಲ್ಲಿ ಬನ್ನಿ ಅಂತ ತಾನು ಕೂತಿದ್ದ ಗೋಣಿಚೀಲ ಬಿಟ್ಟು ನೆಲಕ್ಕೆ ಜರುಗಿದಳು. ಹಿಂದೆಯೇ ಓಡಿಬಂದ ಅನುಶ್ರೀ, ಅತ್ತೆ, ಏನಾಯ್ತು, ಅಪ್ಪ ಕೂಗ್ತಾವ್ರೆ, ಊಟ ಬಿಟ್ಟು ಬಂದ್ರಾ, ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಹೇಳಿಬಿಡುತ್ತೇನೆ, ಈಗಲೇ, ಇವಳಿಗೂ, ಅವನಿಗೂ, ಶಾಮಿಯಾನದಲ್ಲಿ ಕೂತ ಪ್ರತಿಯೊಬ್ಬರಿಗೂ ಕೇಳುವ ಹಾಗೆ ಕಿರುಚಿ ಹೇಳಿಬಿಡುತ್ತೇನೆ, ಅನು, ಇವಳು ಯಾರು ಗೊತ್ತಾ ನಿನಗೆ — ಅಂದೇಬಿಟ್ಟಳು ಪ್ರಮೀಳಾ, ಅನುಶ್ರೀ ಬೆಚ್ಚಿ ಮುತ್ತಿಯ ಕಡೆ ತಿರುಗಿದಳು. ಮುತ್ತಿ ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಏನೂ ತಿಂದಿಲ್ಲ ಅನ್ನುವುದೊಂದೇ ಕೇಳಿಸಿತ್ತು. ಸೆರಗಿನ ಗಂಟು ಬಿಚ್ಚಿ, ಸುಟ್ಟ ಸಿಪ್ಪೆಯನ್ನು ಹೆಬ್ಬೆರಳಲ್ಲಿ ಸುಲಿದು, ಒಳಗಿನ ಬಿಳಿಯನ್ನು ಮುರಿದು ಚಾಚಿದಳು, ಮಸಿ ಹತ್ತಿದ ಕೈ, ಅನುಶ್ರೀಯ ಕಡೆಗೆ ಚಾಚಿದ ಕೈ, ಕಪ್ಪು, ಆ ಕಪ್ಪು ಅಂಗೈ