ತಪ್ಪು ಸನ್ನೆ

"ಇಳೀಲೇ ಹಾದರಗಿತ್ತಿ ಮಗನ, ಅದೇನು ನಿಮ್ಮ ಕೇರಿ ಕಟ್ಟಿ ಅಂತ ತಿಳದೀ ಏನು?"

ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತಿದ್ದ ಶಂಕ್ರೆಪ್ಪ ಇಳಿದ. ಎಂಜಿನ್ ಬಂದ್ ಆಗಿತ್ತು. ಆಪರೇಟರ್ ಅಂಬಾದಾಸ ಊಟದ ಡಬ್ಬಿ ಹಿಡಿದು ನೆರಳಿಗೆ ಹೋಗುವ ಅರ್ಧ ತಾಸಿನಲ್ಲಿ ಇವನು ದಿನಾ ಗಾಜು ಒರೆಸುವ ನೆಪದಿಂದ ಮೇಲೆ ಹತ್ತುತ್ತಿದ್ದ. ಸತ್ತ ಲಿವರುಗಳನ್ನು ಹಿಂದೆ ಮುಂದೆ ಆಡಿಸುತ್ತಿದ್ದ. ಆರು ವರ್ಷದಲ್ಲಿ ಕಲಿತದ್ದೆಲ್ಲ ಹೀಗೇ. ಇಂದು ಅಂಬಾದಾಸ ಬೀಡಿ ಮರೆತು ಬೇಗ ಬಂದುಬಿಟ್ಟಿದ್ದ.

"ಗಾಜು ಒರಸ್ಲಿಕ್ಕತ್ತಿದ್ನಿರಿ ಅಣ್ಣಾರ."

"ಕುಂಡಿಲೆ ಒರಸ್ತೀಯೇನಲೇ ಗಾಜು?"

ಕಬ್ಬಿಣದ ಸಳಿ ಕಟ್ಟುವವರು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕರು. ಅಂಬಾದಾಸ ತನ್ನ ಬಾಟಲಿಯ ನೀರನ್ನು ಸೀಟಿಗೆ ಸುರಿದು, ಹಳೆ ಬಟ್ಟೆಯಿಂದ ತಿಕ್ಕಿ, ಆ ಬಟ್ಟೆಯನ್ನು ಶಂಕ್ರೆಪ್ಪನ ಎದೆಗೆ ಎಸೆದ. ಇಬ್ಬರೂ ಶಹಾಪುರ ತಾಲೂಕಿನವರು. ಪುಣೆಗೆ ಬಂದ ಮೇಲೆ ಇಬ್ಬರ ಬಾಯಲ್ಲೂ ಮರಾಠಿ ಸೇರಿತ್ತು. ಯಾರ ಮನೆ ಊರ ಯಾವ ಕಡೆಗೆ ಎಂಬುದನ್ನು ಮಾತ್ರ ಅಂಬಾದಾಸ ಮರೆತಿರಲಿಲ್ಲ.

ಶಂಕ್ರೆಪ್ಪ ಖಲಾಸಿ. ಗೋಡೆಯಾಚೆ ಇಳಿಯುವ ಲೋಡು ಕ್ಯಾಬಿನ್ನಿನಲ್ಲಿ ಕೂತವನಿಗೆ ಕಾಣುವುದಿಲ್ಲ. ಕೆಳಗೆ ನಿಂತ ಖಲಾಸಿಯ ಕೈಯೇ ಅವನ ಕಣ್ಣು. ಹೆಬ್ಬೆರಳು ಮೇಲಾದರೆ ಎತ್ತಬೇಕು, ಕೆಳಗಾದರೆ ಇಳಿಸಬೇಕು. ತಲೆಯ ಮೇಲೆ ಮುಷ್ಟಿ ಎತ್ತಿದರೆ ನಿಲ್ಲಿಸಬೇಕು. ಯಾರೇ ಎತ್ತಲಿ, ಯಾಕೆಂದು ಕೇಳದೆ ನಿಲ್ಲಿಸಬೇಕು.

ನಾಲ್ಕು ತಿಂಗಳ ಹಿಂದೆ, ಇದೇ ಮಗರಪಟ್ಟಾದ ಬಿಲ್ಡಿಂಗಿನಲ್ಲಿ, ಶಂಕ್ರೆಪ್ಪ ಆ ಮುಷ್ಟಿ ಎತ್ತಿದ್ದ. ಅವನ ಹೆಂಡತಿ ಮಾನಮ್ಮನ ತಮ್ಮ ಬಾಬು, ಸಿಕ್ಕಿಬಿದ್ದ ಹಗ್ಗ ಬಿಡಿಸಲೆಂದು ಸಳಿಯ ಕಟ್ಟಿನ ಕೆಳಗೆ ಹೋಗಿದ್ದ. ಕ್ಯಾಬಿನ್ನಿನಲ್ಲಿ ಅಂಬಾದಾಸ ಹೊಸ ಮೊಬೈಲನ್ನು ಕಿವಿಗೆ ಒತ್ತಿ ಇತ್ತ ಬೆನ್ನು ತಿರುಗಿಸಿದ್ದ. ಕಟ್ಟು ಇಳಿಯಿತು.

ಮೂರನೆಯ ದಿನ ಇಂಜಿನಿಯರ್ ಹರಿಶ್ಚಂದ್ರ ಸಾಹೇಬರು ಶಂಕ್ರೆಪ್ಪನನ್ನು ಆಫೀಸಿಗೆ ಕರೆಸಿದರು. ಕುರ್ಚಿ ಕೊಡಲಿಲ್ಲ, ಚಹಾ ಕೊಟ್ಟರು. ಮೇಜಿನ ಮೇಲೆ ಎರಡು ಹಾಳೆ ಇದ್ದವು. ಖಲಾಸಿಯ ತಪ್ಪು ಸನ್ನೆಯಿಂದ ಅವಘಡವಾಯಿತು ಎಂದು ಒಂದರಲ್ಲಿತ್ತು. ಶಂಕ್ರೆಪ್ಪ ಎರಡು ವರ್ಷ ಕ್ರೇನ್ ಆಪರೇಟರಾಗಿ ದುಡಿದಿದ್ದಾನೆ ಎಂದು ಇನ್ನೊಂದರಲ್ಲಿ. ಸಾಹೇಬರು ಮರಾಠಿಯಲ್ಲಿ ಮೆತ್ತಗೆ ಹೇಳಿದರು: ಹೋದವನು ಬರುವುದಿಲ್ಲ. ಕೇಸು ಬಿದ್ದರೆ ಸೈಟು ಬಂದ್, ನಿನ್ನ ಹೆಂಡತಿಯ ಕೂಲಿಯೂ ಬಂದ್. ನಿನಗೆ ಕೊಲ್ಲಿ ದೇಶಕ್ಕೆ ಹೋಗಬೇಕಂತಲ್ಲ, ಅದಕ್ಕೆ ಈ ಎರಡನೇ ಹಾಳೆ ಬೇಕಾಗುತ್ತದೆ.

ಶಂಕ್ರೆಪ್ಪ ಮೊದಲನೆಯದಕ್ಕೆ ಸಹಿ ಹಾಕಿ ಎರಡನೆಯದನ್ನು ಮಡಚಿ ಜೇಬಿಗಿಟ್ಟುಕೊಂಡ. ಚಹಾವನ್ನೂ ಕುಡಿದ. ಅದು ಅವನಿಗೆ ಆಮೇಲೆ ಬಹಳ ದಿನ ನೆನಪಾಗುತ್ತಿತ್ತು, ಚಹಾ ಕುಡಿದದ್ದು.

ಸಹಿಯ ಸುದ್ದಿ ಮಾನಮ್ಮನಿಗೆ ನೀರಿನ ನಲ್ಲಿಯ ಹತ್ತಿರ ಯಾರಿಂದಲೋ ತಿಳಿಯಿತು. ಅವಳು ಬೈಯಲಿಲ್ಲ, ಅಳಲಿಲ್ಲ. ಅಂದಿನಿಂದ ತಾವಿರುವ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿದು ತಾಟು ಮುಂದಿಟ್ಟು, ಅವನ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಬಾಬುವಿನ ಅಂಗಿ ಇನ್ನೂ ಗೂಟದಲ್ಲೇ ಇತ್ತು. ಅದನ್ನು ಅವಳೂ ತೆಗೆಯಲಿಲ್ಲ, ಇವನೂ ತೆಗೆಯಲಿಲ್ಲ.

ಪುಣೆಯ ಸ್ವಾರಗೇಟಿನಲ್ಲಿ ಕೊಲ್ಲಿಗೆ ಜನ ಕಳಿಸುವ ಆಫೀಸು ಇಟ್ಟಿದ್ದ ಸುಂದರ ಮಂಗಳೂರು ಕಡೆಯವನು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಲೈಸೆನ್ಸ್ ಹೆವಿ ಉಂಟು, ಪಾಸ್‌ಪೋರ್ಟ್ ಉಂಟು. ಅಲ್ಲಿ ಎಣ್ಣೆ ಬಾವಿಯಲ್ಲಿ ಆಪರೇಟರ್ ಬೇರೆ ಡ್ರೈವರ್ ಬೇರೆ ಅಂತ ಇಲ್ಲ ಮಾರಾಯ. ಮರಳಲ್ಲಿ ಲಾರಿ ನೀನೇ ಓಡಿಸ್ಬೇಕು, ನಿಲ್ಲಿಸಿ ಪೈಪ್ ನೀನೇ ಎತ್ಬೇಕು. ಆಗ್ತದಾ?"

"ಆಗ್ತದ್ರಿ."

"ಕಂಪೆನಿಯವರು ಟೆಸ್ಟ್ ತಗೊಳ್ತಾರೆ. ಅಲ್ಲಿ ಈ ಪೇಪರ್ ನಡಿಯುದಿಲ್ಲ, ಕೈ ನಡೀಬೇಕು."

ಸೋಲಾಪುರ ರಸ್ತೆಯಲ್ಲಿ, ಇಂದಾಪುರಕ್ಕೆ ಸ್ವಲ್ಪ ಮುಂಚೆ, ಕಬ್ಬಿನ ಹೊಲಗಳ ನಡುವೆ ಬೇಲಿ ಹಾಕಿದ ಬಯಲು. ಅಲ್ಲಿ ಕ್ರೇನು ಹೊತ್ತ ಹಳೆಯ ಲಾರಿ ನಿಂತಿತ್ತು. ಸಾಲಿನಲ್ಲಿದ್ದ ಇಪ್ಪತ್ತು ಮಂದಿಯಲ್ಲಿ ಶಂಕ್ರೆಪ್ಪ ಹನ್ನೊಂದನೆಯವನು. ಪುಣೆಗೆ ಬರುವ ಮೊದಲು ಅವನು ಊರಲ್ಲಿ ಲಾರಿ ಓಡಿಸಿದ್ದ. ಲಾರಿಯನ್ನು ಹಿಮ್ಮುಖವಾಗಿ ಎರಡು ಸಾಲು ಪೀಪಾಯಿಗಳ ನಡುವೆ ತಂದು ನಿಲ್ಲಿಸಿದ, ಒಂದಕ್ಕೂ ತಾಗಲಿಲ್ಲ. ಪರೀಕ್ಷೆಯ ಸಾಹೇಬ ತಲೆಯಾಡಿಸಿ ಏನೋ ಬರೆದುಕೊಂಡ.

ಆಮೇಲೆ ಕ್ರೇನು. ಬಾಯಿತನಕ ನೀರು ತುಂಬಿದ ಪೀಪಾಯಿಯನ್ನು ಎತ್ತಿ, ಅರ್ಧ ಸುತ್ತು ತಿರುಗಿಸಿ, ಸುಣ್ಣದ ಗೆರೆಯ ವೃತ್ತದೊಳಗೆ ಇಳಿಸಬೇಕು. ನೀರು ಚೆಲ್ಲಬಾರದು.

ಶಂಕ್ರೆಪ್ಪ ಸೀಟಿನಲ್ಲಿ ಕೂತ. ಯಾರೂ ಏಳು ಎನ್ನಲಿಲ್ಲ. ಎಂಜಿನ್ನಿನ ನಡುಕ ತೊಡೆಯಿಂದ ಎದೆಗೆ ಏರಿತು. ಆರು ವರ್ಷ ಸತ್ತಂತಿದ್ದ ಲಿವರು ಮೊದಲ ಸಲ ಅಂಗೈಯಲ್ಲಿ ಉಸಿರಾಡಿತು. ಪೀಪಾಯಿ ನೆಲ ಬಿಟ್ಟಿತು. ತಿರುಗಿತು. ನೀರಿನ ಮೇಲೆ ಮೋಡ ಅಲುಗದೆ ಕೂತಿತ್ತು. ಕೆಳಗೆ ಸಾಲಿನಲ್ಲಿದ್ದವನೊಬ್ಬ, "ಉಸ್ತಾದ್ ಆಹೇ ರೇ," ಎಂದು ಮೆಚ್ಚಿದ್ದು ಕೇಳಿಸಿತು.

ಪೀಪಾಯಿ ಇಳಿಯತೊಡಗಿತು. ಆಗ ಹಗ್ಗ ಹಿಡಿಯುವ ಆಳು ವೃತ್ತದಲ್ಲಿ ಬಿದ್ದ ಕಲ್ಲು ತೆಗೆಯಲೆಂದು ಬಗ್ಗಿ ಒಳಗೆ ಬಂದ.

ಬಗ್ಗಿದ ಬೆನ್ನು. ಅದರ ಮೇಲೆ ಇಳಿಯುವ ಲೋಡು.

ಶಂಕ್ರೆಪ್ಪನ ಬಲಗೈ ಲಿವರು ಬಿಟ್ಟಿತು. ತಲೆಯ ಮೇಲೆ ಏರಿ ಮುಷ್ಟಿಯಾಯಿತು. ಕ್ಯಾಬಿನ್ನಿನೊಳಗೆ ಕೂತವನು ಯಾರೋ ನಿಲ್ಲಿಸಲಿ ಎಂದು ಕೈ ಎತ್ತಿ ಕಾದ. ಹಳೆಯ ಗಾಡಿ, ಬಿಟ್ಟ ಲಿವರು ಬಿಟ್ಟಲ್ಲೇ ಉಳಿದು ಪೀಪಾಯಿ ಇಳಿಯುತ್ತಲೇ ಹೋಯಿತು. ಆಳು ಕೂಗಿ ಹಾರಿದ. ಪೀಪಾಯಿ ನೆಲಕ್ಕೆ ಬಡಿದು ಮಗುಚಿತು. ನೀರು ಸುಣ್ಣದ ಗೆರೆಯನ್ನು ಅಳಿಸುತ್ತ ಹರಿಯಿತು.

"ಹಾತ್ ಕಿಸಕೋ ದಿಖಾಯಾ?" ಕೈ ಯಾರಿಗೆ ತೋರಿಸಿದೆ ಎಂದು ಪರೀಕ್ಷೆಯ ಸಾಹೇಬ ಕೇಳಿದ.

"ಆಪರೇಟರ್ ಕೋ, ಸಾಬ್."

"ಆಪರೇಟರ್ ಕೌನ್ ಹೈ?"

ಆಪರೇಟರ್ ಯಾರು? ಶಂಕ್ರೆಪ್ಪ ಸೀಟು ಬಿಟ್ಟು ಇಳಿದ. ಸಾಲಿನಲ್ಲಿದ್ದವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಪೇಪರಲ್ಲಿ ಆಪರೇಟರ್, ಕೈಯಲ್ಲಿ ಖಲಾಸಿ," ಎಂದು ಸುಂದರ ಪಾಸ್‌ಪೋರ್ಟ್ ವಾಪಸು ಕೊಟ್ಟ. "ಇನ್ನು ಬರ್ಬೇಡ ಮಾರಾಯ, ನನ್ನ ಹೆಸರೂ ಹಾಳಾಗ್ತದೆ."

ಮರುದಿನ ಬೆಳಿಗ್ಗೆ ಸೈಟಿನಲ್ಲಿ ಸುದ್ದಿ ಇವನಿಗಿಂತ ಮುಂಚೆ ಬಂದಿತ್ತು.

"ಏನಪಾ ಅರಬಸ್ತಾನದ ಸಾವಕಾರ, ಒಂಟಿ ಎಲ್ಲಿ ಕಟ್ಟಿ ಬಂದಿ?" ಅಂಬಾದಾಸ ಕ್ಯಾಬಿನ್ನಿನಿಂದ ಕೂಗಿದ. "ಸೂಳೆಮಗಂದು ಹಣೀಬಾರದಾಗ ಬರೇ ಕೈ ಆಡಸೂದು ಬರದದ. ಆಡಸು, ಆಡಸು."

ಶಂಕ್ರೆಪ್ಪ ತನ್ನ ಜಾಗದಲ್ಲಿ ನಿಂತು ಹೆಬ್ಬೆರಳು ಮೇಲೆ ಮಾಡಿದ. ಸಳಿಯ ಕಟ್ಟು ಏರಿತು, ಗೋಡೆ ದಾಟಿತು. ಅತ್ತ ಹೆಂಗಸರು ತಲೆಯ ಮೇಲೆ ಕಾಂಕ್ರೀಟು ತುಂಬಿದ ಘಮೇಲಾ ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರು. ಸಾಲಿನ ಕೊನೆಗೆ ಮಾನಮ್ಮ. ಶಂಕ್ರೆಪ್ಪ ಮುಷ್ಟಿ ಎತ್ತಿದ. ಕಟ್ಟು ಜೋಲಿ ಹೊಡೆದು ನಿಂತಿತು. ಹೆಂಗಸರು ದಾಟಿ ಹೋದರು.

ಮುಷ್ಟಿ ಇಳಿಯಲಿಲ್ಲ.

"ರಸ್ತಾ ಖಾಲಿ ಆತಲ್ಲೋ. ಕೈ ಇಳಸಲೇ."

ಇಳಿಯಲಿಲ್ಲ. ಅಂಬಾದಾಸ ತಾಯಿ, ಅಕ್ಕ, ಕೇರಿ ಎಲ್ಲ ಎತ್ತಿ ಬೈದ. ಸೆಂಟ್ರಿಂಗಿನವರು ಸುತ್ತಿಗೆ ನಿಲ್ಲಿಸಿದರು. ಹರಿಶ್ಚಂದ್ರ ಸಾಹೇಬರು ತಲೆಗೆ ಹೆಲ್ಮೆಟ್ ಹಾಕಿಕೊಳ್ಳುತ್ತ ಬಂದರು.

"ಕಾಯ್ ಝಾಲಂ ರೇ? ಹಾತ್ ಖಾಲೀ ಕರ್." ಏನಾಯಿತು, ಕೈ ಕೆಳಗಿಳಿಸು ಎಂದರು.

"ಸನ್ನಿ ತಪ್ಪಿದ್ದಿಲ್ರಿ ಸಾಹೇಬ್ರ," ಶಂಕ್ರೆಪ್ಪ ಕನ್ನಡದಲ್ಲೇ ಹೇಳಿದ. ಇಷ್ಟು ವರ್ಷದಲ್ಲಿ ಸಾಹೇಬರೊಡನೆ ಅವನು ಕನ್ನಡ ಆಡಿದ್ದು ಅದೇ ಮೊದಲು. "ಅವತ್ತು ಹಿಂಗೇ ಎತ್ತಿದ್ನಿ. ಇದಕ್ಕಿಂತ ಒಂದು ಬೆರಳೂ ಕೆಳಗಿರಲಿಲ್ಲ. ಹಾಳಿ ತರಸ್ರಿ, ಹಂಗಂತ ಬರೀರಿ. ಅಲ್ಲೀತನ ಇದು ಇಳಿಯೂದಿಲ್ಲ."

"ಕಾಯ್ ಮ್ಹಣತೋ ಹಾ?" ಇವನು ಏನಂತಾನೆ ಎಂದು ಸಾಹೇಬರು ಸುತ್ತ ನೋಡಿ ಕೇಳಿದರು. ಕನ್ನಡ ತಿಳಿದವರು ಬಹಳ ಮಂದಿಯಿದ್ದರು. ಯಾರೂ ಹೇಳಲಿಲ್ಲ.

ಹೆಂಗಸರ ಸಾಲಿನಿಂದ ಮಾನಮ್ಮ ತಿರುಗಿ ಬಂದಳು. ಖಾಲಿ ಘಮೇಲಾ ಸೊಂಟಕ್ಕಿತ್ತು. ನಾಲ್ಕು ತಿಂಗಳ ಮೇಲೆ ಗಂಡನ ಮುಖ ನೋಡಿದಳು.

"ಎಷ್ಟೊತ್ತು ಎತ್ತಿದ್ದಿ?"

"ಲೋಡ್ ಇಳಿಯೂತನ. ಇಳದಮ್ಯಾಲೂ. ಯಾರೋ ಬಂದು ಕೈ ಹಿಡದು ಇಳಿಸಿದ್ರು."

ಅವಳು ನಡೆದುಹೋಗಿ, ತೂಗುವ ಸಳಿಯ ಕಟ್ಟಿನ ನೆರಳು ಬಿದ್ದಲ್ಲಿ ಘಮೇಲಾ ಬೋರಲು ಹಾಕಿದಳು. ಅದರ ಮೇಲೆ ಕೂತಳು. ಬಾಬು ಬಗ್ಗಿದ್ದ ಜಾಗ ಅಲ್ಲಿಂದ ನಾಲ್ಕು ಹೆಜ್ಜೆ.

"ಏಳ ಮಾನವ್ವಾ," ಎಂದ ಶಂಕ್ರೆಪ್ಪ. ಲೋಡಿನ ಕೆಳಗೆ ಯಾರನ್ನೂ ನಿಲ್ಲಗೊಡದವನು. ಅವಳು ಏಳಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಎಂಜಿನ್ ಗುರುಗುಡುತ್ತಲೇ ಇತ್ತು. ಬೈಗುಳ ನಿಂತಿತ್ತು. ಗಾಜಿನ ಹಿಂದೆ, ಗೋಡೆಯಾಚೆ ಕೂತವಳು ಕಾಣದ ಅಂಬಾದಾಸ ಎರಡೂ ಕೈಯಿಂದ ಲಿವರು ಹಿಡಿದು, ಮೊದಲ ಸಲ, ಖಲಾಸಿಯ ಕೈಯನ್ನು ಬಿಟ್ಟಗಣ್ಣಿನಿಂದ ನೋಡುತ್ತಿದ್ದ. ಕಟ್ಟಿನ ನೆರಳು ಮಾನಮ್ಮನ ಬೆನ್ನ ಮೇಲೆ ಅತ್ತಿಂದಿತ್ತ ಹೋಗಿ ಬರುತ್ತಿತ್ತು. ಎತ್ತಿದ ತೋಳು ಇಳಿಯದಂತೆ ಶಂಕ್ರೆಪ್ಪ ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಹಿಡಿದ.