ಮಧ್ವರಾಜರ ನಾಲಿಗೆ

ಮೈದುನ ಕುಶಲ ತೀರಿಕೊಂಡ ತನ್ನ ಅಣ್ಣನ ಮೂಗಿಗೆ ಹತ್ತಿ ಇಡುತ್ತಿದ್ದಾಗ ಪುಷ್ಪಾವತಿ ಮುಖ ತಿರುಗಿಸಿದಳು. ಡೊಂಬಿವಲಿಯ ಆ ಎರಡು ಕೋಣೆಯ ಮನೆಯಲ್ಲಿ ತಿರುಗಿದ ಕಡೆಯೆಲ್ಲ ಜನ. ಆರು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಅಳುವುದಕ್ಕೂ ತ್ರಾಣವಿರಲಿಲ್ಲ.

ಅವಳ ಗಂಡ ಮಧ್ವರಾಜ ಇಪ್ಪತ್ತಾರು ವರ್ಷ ತಳೋಜದ ವೈನ್ ಕಾರ್ಖಾನೆಯಲ್ಲಿ ದುಡಿದವನು. ನಾಸಿಕದಿಂದ ಟ್ಯಾಂಕರಿನಲ್ಲಿ ಬರುವ ಬಿಳಿ ವೈನುಗಳನ್ನು ಮೂಸಿ, ರುಚಿ ನೋಡಿ, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಚೀಟಿ ಬರೆದುಕೊಡುತ್ತಿದ್ದ. ಅಂಥ ನಾಲಿಗೆ ಇನ್ನು ಸಿಗದು ಎಂದು ಬಂದವರೆಲ್ಲ ಹೇಳಿದರು. ಪುಷ್ಪಾವತಿ ತಲೆ ತಗ್ಗಿಸಿ ಕೇಳಿಸಿಕೊಂಡಳು.

“ಆಈ, ಥೋಡ ಪಾಣಿ ಪೀ,” ಎಂದು ಮಗಳು ಮಾನಸಿ ನೀರಿನ ಲೋಟ ಹಿಡಿದಳು.

ಹನ್ನೊಂದು ಗಂಟೆಗೆ ಹೆಣ ಎತ್ತಿದರು. ಗಂಡಸರೆಲ್ಲ ಮಸಣಕ್ಕೆ ಹೋದರೂ ಮಧ್ವರಾಜನ ಕೈಕೆಳಗೆ ಕೆಲಸ ಕಲಿತ ಲತೀಶ್ ಮಾತ್ರ ಚೀಲ ಅವಚಿಕೊಂಡು ಬಾಗಿಲಲ್ಲೇ ಉಳಿದ.

*

ಕೊರೊನಾ ಎರಡನೇ ಸಲ ಬಂದ ವರ್ಷ ಮಧ್ವರಾಜನ ಜ್ವರ ವಾರದಲ್ಲಿ ಇಳಿದಿತ್ತು. ಮೂಗಿಗೆ ವಾಸನೆ ಮಾತ್ರ ಹಿಂದಿರುಗಲಿಲ್ಲ. ಮೂರು ತಿಂಗಳು ಯಾರಿಗೂ ಹೇಳದೆ ಒದ್ದಾಡಿ, ಒಂದು ಭಾನುವಾರ ಊಟದ ಡಬ್ಬಿಯ ಚೀಲದಿಂದ ವೈನಿನ ಮೂರು ಪುಟ್ಟ ಬಾಟಲಿ ತೆಗೆದು ಅಡುಗೆಕಟ್ಟೆಯ ಮೇಲಿಟ್ಟ.

“ನುಂಗುವುದು ಬೇಡ, ಉಗುಳು. ಏನನ್ನಿಸ್ತದೆ ಅಷ್ಟು ಹೇಳು.”

ಅವಳು ಮದ್ಯ ಮುಟ್ಟಿದವಳೇ ಅಲ್ಲ. ಶೆನಿನ್ ಎಂಬ ಮೊದಲನೆಯದರಲ್ಲಿ ಮಾಗಿದ ಪೇರಳೆ ಇತ್ತು. ಎರಡನೆಯದು, ಸೊವಿನ್ಯೊನ್, ಹಸಿ ದೊಣ್ಣೆಮೆಣಸು ಸೀಳಿದ ಹಾಗೆ ಮೂಗಿಗೆ ಹೊಡೆಯಿತು. ಮೂರನೆಯದಕ್ಕೆ ಸುರಗಿ ಹೂವಿನ ಪರಿಮಳ, ಆದರೆ ನಾಲಿಗೆಯ ಮೇಲೆ ಎಣ್ಣೆಯಂತೆ ಭಾರ.

“ಪೇರಳೆಯದು ಒಂದೇ ಆದರೆ ಸಪ್ಪೆ. ಮೆಣಸಿನದ್ದು ಸೇರಿದರೆ ಎದ್ದು ನಿಲ್ತದೆ. ಹೂವಿನದ್ದು ಇಂಗಿನಷ್ಟು ಸಾಕು,” ಎಂದಳು.

ಅವನು ಬರೆದುಕೊಂಡ. ಮರುದಿನ ಅದೇ ಚೀಟಿ ಕಾರ್ಖಾನೆಗೆ ಹೋಯಿತು.

ಆಮೇಲಿನ ಭಾನುವಾರಗಳೆಲ್ಲ ಹಾಗೆಯೇ ಕಳೆದವು. ಆ ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ.

*

“ಅಕ್ಕ, ಈಗ ಕೇಳಬಾರದು. ನಾಳೆ ವೈನ್ ಬೆರೆಸ್ಬೇಕು. ಭಾವ ಏನಾದ್ರೂ ಬರೆದಿಟ್ಟಿದ್ದಾರಾ?” ಎಂದ ಲತೀಶ್.

ಕಳೆದ ಭಾನುವಾರ ಮಧ್ವರಾಜ ಐಸಿಯುನಲ್ಲಿದ್ದ, ಚೀಟಿ ಬರೆದಿರಲಿಲ್ಲ. ಇಲ್ಲ ಎಂದಷ್ಟೇ ಹೇಳಿದ್ದರೆ ಗಂಡನ ಹೆಸರು ಉಳಿಯುತ್ತಿತ್ತು. ಆದರೆ ಅವಳಿಗೆ ಮುಚ್ಚಿಟ್ಟು ಸಾಕಾಗಿತ್ತು.

“ಅವರಿಗೆ ನಾಲ್ಕು ವರ್ಷದಿಂದ ವಾಸನೆಯೇ ಗೊತ್ತಾಗ್ತಿರಲಿಲ್ಲ, ಲತೀಶ್.”

ಅವನು ನೆಲ ನೋಡಿದ. “ಗೊತ್ತುಂಟು ಅಕ್ಕ. ಒಂದ್ಸಲ ಒಂದು ಟ್ಯಾಂಕು ಕೊಳೆತ ಮೊಟ್ಟೆ ಹಾಗೆ ನಾರ್ತಿತ್ತು. ನಾವೆಲ್ಲ ಮೂಗು ಮುಚ್ಚಿಕೊಂಡ್ರೆ ಇವರು ಗ್ಲಾಸಿಗೆ ಮೂಗಿಟ್ಟು ಸುಮ್ನೆ ನಿಂತಿದ್ರು. ಆದ್ರೆ ಸೋಮವಾರದ ಚೀಟಿ ಯಾವತ್ತೂ ತಪ್ಪಲಿಲ್ಲ. ಅದು ಯಾರದ್ದು ಅಂತ ನಾನು ಕೇಳ್ಲಿಲ್ಲ.”

ಬೆಳಗಿನಿಂದ ಒಣಗಿದ್ದ ಅವಳ ಕಣ್ಣು ಆಗ ತುಂಬಿತು. ಸೆರಗಿನಿಂದ ಒರೆಸಿಕೊಂಡು, “ತಂದಿದ್ದೀಯಾ?” ಎಂದಳು.

ಲತೀಶ್ ನಾಚಿಕೆಯಿಂದ ಚೀಲ ತೆರೆದು ಮೂರು ಪುಟ್ಟ ಬಾಟಲಿ ಹೊರತೆಗೆದ.

ಕುಶಲ ಒದ್ದೆ ಬಟ್ಟೆಯಲ್ಲಿ ಮಸಣದಿಂದ ಮರಳಿದಾಗ, ಒಲೆ ಹಚ್ಚದ ಅಡುಗೆಮನೆಯಲ್ಲಿ ಅತ್ತಿಗೆ ಸಿಂಕಿಗೆ ಉಗುಳುತ್ತಿದ್ದಳು. ವಾಂತಿಯೆಂದುಕೊಂಡು ಅವನು ಗಾಬರಿಯಿಂದ ಒಳಗೆ ಬಂದ. ಅವಳು ಒಂದು ಕೈಯೆತ್ತಿ ಅವನನ್ನು ಅಲ್ಲೇ ನಿಲ್ಲಿಸಿದಳು. ಇನ್ನೊಂದು ಕೈಯಲ್ಲಿದ್ದ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಲತೀಶನ ಕಡೆ ಚಾಚಿದಳು.

“ಮೆಣಸಿನದ್ದು ಇನ್ನೂ ಅರ್ಧ ಚಮಚ ಹಾಕು,” ಎಂದಳು.